ಬೀಗದ ಮನೆಗಳಿಗೆ ಅಗಲ ರಸ್ತೆ

ಸಾಧು ಮನುಷ್ಯನೆಂದು ಶಿರ್ವದಲ್ಲಿ ನನಗೆ ಹೆಸರಿದೆ. ಮೀನಿನವಳು ನಿನ್ನೆಯ ಬಂಗುಡೆ ಕೊಟ್ಟರೂ ಮಾತಿಲ್ಲದೆ ತರುವವನು ನಾನು. ಹೆಂಡತಿ ಲೀನಾ ಇದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ, ಇರಲಿ. ಅಂಥ ನನಗೂ ಕಳೆದ ವಾರ ಪಿತ್ತ ನೆತ್ತಿಗೇರಿತು.

ನಮ್ಮ ಓಣಿಯನ್ನು ಅಗಲ ಮಾಡುತ್ತಾರಂತೆ. 'ಬೆಳೆಯುತ್ತಿರುವ ಪೇಟೆ'ಗೆಂದು ನಕ್ಷೆ ತಯಾರಾಗಿದೆ; ಅದರ ಕೆಂಪು ಗೆರೆ ಲೀನಾಳ ಮಲ್ಲಿಗೆ ಗಿಡಗಳ ಮೇಲೆಯೇ ಹಾದುಹೋಗಿದೆ. ನನಗಿಂತ ಹೆಚ್ಚು ಉಪಚಾರ ಕಂಡ ಗಿಡಗಳು ಅವು. ಬೆಳೆಯುತ್ತಿರುವುದು ಎಲ್ಲಿ ಸ್ವಾಮಿ? ಓಣಿಯ ಒಂಬತ್ತು ಮನೆಗಳಲ್ಲಿ ಏಳಕ್ಕೆ ಬೀಗ. ಮನೆಯವರೆಲ್ಲ ದುಬೈ, ಮಸ್ಕತ್ತುಗಳಲ್ಲಿ. ಕೀಲಿಗೊಂಚಲು ನನ್ನ ಬಳಿಯೇ ಇರುವುದರಿಂದ ಇದು ಗಾಳಿಸುದ್ದಿಯಲ್ಲ. ಜನವಿಲ್ಲವೆಂದು ಮಧ್ಯಾಹ್ನದ ಬಸ್ಸು ನಿಂತಿತು. ಸೆಲೂನಿನವನು ಮಣಿಪಾಲಕ್ಕೆ ಹೋದ. ಅಂದಿನಿಂದ ಲೀನಾಳೇ ನನ್ನ ಕೂದಲು ಕತ್ತರಿಸುತ್ತಾಳೆ. ನೋಡಿದವರು ಮಳೆಯ ವಿಷಯ ಮಾತಾಡುತ್ತಾರೆ.

ಬೆಳೆಯುವ ಮಗುವಿಗೆ ದೊಗಳೆ ಅಂಗಿ ಹೊಲಿಸುವುದು ಸರಿ. ಸೊರಗುತ್ತಿರುವವನಿಗೂ ಅದೇ ಅಳತೆಯೇ? ಜನ ಕಡಿಮೆಯಾಗುವ ಊರಿಗೂ ಒಂದು ನಕ್ಷೆ ಬೇಡವೇ? ಓಣಿ ಇದ್ದಷ್ಟೇ ಇರಲಿ, ನಿಂತ ಬಸ್ಸು ಬರಲಿ, ಖಾಲಿ ಮನೆಯೊಂದರ ಜಗಲಿಯಲ್ಲಿ ವಾರಕ್ಕೊಮ್ಮೆಯಾದರೂ ಡಾಕ್ಟರು ಕೂರಲಿ. ಇಷ್ಟನ್ನೂ ಬರೆದುಕೊಂಡು ಉಡುಪಿಯ ಕಚೇರಿಗೆ ಹೋಗಿ, ನಕ್ಷೆ ಮಾಡಿದ ಎಂಜಿನಿಯರ್ ಹುಡುಗಿಯ ಮುಂದೆ ಗುಡುಗಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾವು ಸಂಜೆ ಬಂದು ನೋಡಿದ್ದೇವೆ ಸರ್. ಒಂಬತ್ತು ಮನೆಯಲ್ಲಿಯೂ ಲೈಟ್ ಉಂಟು. ಎಲ್ಲ ಅಂಗಳದಲ್ಲಿ ಗಂಡಸರ ಅಂಗಿ ಉಂಟು. ಜನ ಇಲ್ಲ ಅಂತ ಹೇಗೆ ಬರೆಯುವುದು?"

ನಾನು ಕಾಗದ ಮಡಚಿ ಜೇಬಿಗಿಟ್ಟೆ. ಕಳ್ಳರ ಭಯಕ್ಕೆ ದಿನಾ ಆ ಏಳು ಮನೆಗಳ ದೀಪ ಹಾಕುವವನು ನಾನೇ. ಜನವಿದ್ದಂತೆ ಕಾಣಲೆಂದು ನನ್ನ ಹಳೆಯ ಅಂಗಿಗಳನ್ನು ಅಲ್ಲಿನ ತಂತಿಗಳಿಗೆ ಹಂಚಿದವನೂ ನಾನೇ. ಹೇಳಿಕೊಂಡೆ. ಅವಳು ನಗಲಿಲ್ಲ, ಒಳ್ಳೆಯ ಹುಡುಗಿ. ಒಂದು ವಾರ ದೀಪ ಹಾಕಬೇಡಿ, ಪುನಃ ಬಂದು ನೋಡುತ್ತೇವೆ ಎಂದಳು.

ಮನೆಗೆ ಬಂದವನೇ ಅಂಗಿಗಳನ್ನೆಲ್ಲ ತೆಗೆದು ತಂದೆ. ಸಂಜೆ ದೀಪ ಹಾಕಲಿಲ್ಲ. ಗೆದ್ದೆನೆಂದು ಲೀನಾಳೊಡನೆ ಜಗಲಿಯಲ್ಲಿ ಕುಳಿತೆ. ಕತ್ತಲೇರಿದಂತೆ ಏಳು ಮನೆಗಳು ಒಂದೊಂದಾಗಿ ಕಪ್ಪಾದವು. ನಮ್ಮ ಓಣಿ ಇಷ್ಟು ಬರಿದಾಗಿದೆಯೆಂದು ಕಾಗದದಲ್ಲಿ ಬರೆದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ನನಗೆ ಹೆದರಿಕೆಯಾಯಿತು.

"ಇದನ್ನು ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಗಿಡ ಹಿತ್ತಲಲ್ಲಿ ನೆಟ್ಟರೂ ಆಗ್ತದೆ," ಎಂದು ಲೀನಾ ಕೀಲಿಗೊಂಚಲು ಎತ್ತಿಕೊಂಡು ಹೊರಟಳು.

ಸಾಧು ಮನುಷ್ಯ ಏನು ಮಾಡಬೇಕು? ಅಂಗಿಗಳನ್ನು ಹೆಗಲಿಗೇರಿಸಿಕೊಂಡು ಅವಳ ಹಿಂದೆಯೇ ನಡೆದೆ.