ಗಿಳಿ ಸತ್ತ ಸದ್ದು

“ಇನ್ನ ಮುಂದ ನನ್ನ ಆಟದಾಗ ಮಂದಿ ಕೆಮ್ಮು ಸೈತ ಇರೂದಿಲ್ಲ! ಎಲ್ಲಾ ಸದ್ದೂ ನಮ್ಮ ಮನೀದ!” ಎಂದು ಲಲಿತಾ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಸಾರಿದಳು.

ಪ್ರತಿಜ್ಞೆಗೆ ಕಾರಣವಿತ್ತು. ಆಕೆ ಮನೆಯಲ್ಲಿಯೇ ಕುಳಿತು ಒಂದು ಮೊಬೈಲ್ ಆಟವನ್ನು ಕಟ್ಟಿದ್ದಳು. ಕಿನ್ನಾಳದ ಬಣ್ಣದ ಕಟ್ಟಿಗೆ ಗಿಳಿಯೊಂದು ಆನೆಗೊಂದಿಯ ಬಂಡೆಯಿಂದ ಬಂಡೆಗೆ ಜಿಗಿಯಬೇಕು. ತಪ್ಪಿದರೆ ಹೊಳೆಗೆ ಬಿದ್ದು ಸಾಯಬೇಕು. ಹಿನ್ನೆಲೆಗೆ, ಅಂತರ್ಜಾಲದಲ್ಲಿ ಪುಕ್ಕಟೆಯೆಂದು ದೊರೆತ ಕೊಳಲಿನ ತುಣುಕೊಂದನ್ನು ಹಾಕಿದ್ದಳು. ಕೊಳಲಿಗೆ ಒಡೆಯನಿದ್ದ! ಅವನು ಹಕ್ಕುಸ್ವಾಮ್ಯದ ದೂರು ಕೊಟ್ಟೊಡನೆ ಆಟವು ಆ್ಯಪ್ ಸ್ಟೋರಿನಿಂದಲೇ ಮಾಯವಾಯಿತು. ಇನ್ನೊಂದು ದೂರು ಬಂದು ಬಗೆಹರಿಯದಿದ್ದರೆ ಲಲಿತಾಳ ಖಾತೆಗೆ ಶಾಶ್ವತ ಬೀಗವೆಂಬ ಎಚ್ಚರಿಕೆಯೂ ಬಂದಿತು.

ಅಂದಿನಿಂದ ತಳಕಲ್ಲಿನ ಆ ಮನೆ ಒಂದು ನಾದಸಾಮ್ರಾಜ್ಯವಾಯಿತು. ಕುಕ್ಕರಿನ ಸೀಟಿ ಗಿಳಿಯ ಜಿಗಿತವಾಯಿತು. ರೊಟ್ಟಿ ಬಡಿಯುವ ಸಪ್ಪಳ ರೆಕ್ಕೆಯ ಬಡಿತವಾಯಿತು. ಗಂಡ ಯಂಕೇಶನ ಸೀನು ಬಂಡೆ ಸಿಡಿಯುವ ಸದ್ದಾಯಿತು.

“ನಿಮ್ಮ ಸೀನು ಹಾಕ್ಕೊಳ್ಳಾಕ ಒಪ್ಪಿಗಿ ಐತಿಲ್ರಿ?”

“ಐತವ್ವ ತಾಯಿ! ಬೇಕಂದ್ರ ನೆಗಡೀನೂ ನಿನ್ನ ಹೆಸರಿಗೆ ಮಾಡತೀನಿ!” ಎಂದು ಯಂಕೇಶ ಕೊಪ್ಪಳದ ಕಚೇರಿಗೆ ಬಸ್ಸು ಹಿಡಿದ.

ಉಳಿದದ್ದು ಗಿಳಿ ಸತ್ತಾಗಿನ ಸದ್ದು ಮಾತ್ರ. ಅದಕ್ಕೆ ಅತ್ತೆ ಮುದಕಮ್ಮ ಇದ್ದಳಲ್ಲ! ಸತ್ತವರ ಗುಣಗಳನ್ನೆತ್ತಿ ಹಾಡ್ಯಾಡಿ ಅಳುವುದರಲ್ಲಿ ಸುತ್ತಲ ಊರುಗಳಲ್ಲಿ ಆಕೆಗೆ ಸರಿಸಾಟಿಯಿರಲಿಲ್ಲ. ಆಕೆ ದನಿ ತೆಗೆದರೆ ಸತ್ತವನ ವೈರಿಗಳೂ ಕಣ್ಣೊರೆಸಿಕೊಳ್ಳುತ್ತಿದ್ದರು.

“ಹೆಣ ಇಲ್ದ ಹೆಂಗ ಅಳ್ಲಿ?” ಎಂದಳು ಮುದಕಮ್ಮ.

“ಗಿಳಿ ಸತ್ತೈತಿ ಅಂತ ತಿಳ್ಕೋರಿ ಅತ್ತಿ.”

“ಕಟಗಿ ಗಿಳಿಗೆ ಅತ್ರ ನನ್ನ ಮರ್ಯಾದಿ ಏನಾತು? ಮನುಷ್ಯಾರ ಹೆಸರು ಬೇಕು.”

“ಹಂಗಾರ ನನ್ನ ಹೆಸರು ಹಿಡದು ಅಳ್ರಿ!”

ಮುದಕಮ್ಮನ ಮುಖ ಅರಳಿತು. ಅಷ್ಟು ಬೇಗ ಅರಳಬಾರದಿತ್ತು ಎಂದು ಲಲಿತಾಳಿಗೆ ಅನ್ನಿಸಿತು.

ಸದ್ದು ಹೀರಲೆಂದು ಗೋಡೆಗಳಿಗೆ ದಪ್ಪ ಕೌದಿಗಳು ತೂಗಿಬಿದ್ದವು. ಫ್ಯಾನು ನಿಂತಿತು. ಬಾಗಿಲಿಗೆ ಅಗಳಿ ಬಿತ್ತು. ಕರೆಗಳು ಬಾರದಂತೆ ಮೊಬೈಲು ಹೊರಜಗತ್ತಿನ ಸಂಬಂಧ ಕಡಿದುಕೊಂಡಿತು. ಬಳೆ ಸದ್ದಾಗದಂತೆ ಬಿಳಿ ಚಾದರ ಸುತ್ತಿಕೊಂಡು, ಕಿವಿಗೆ ಹೆಡ್‌ಫೋನು ಏರಿಸಿ, ಲಲಿತಾ ಸೇನಾಪತಿಯಂತೆ ಕೈಯೆತ್ತಿದಳು.

“ಅಯ್ಯೋ ನನ್ನ ಲಲಿತವ್ವಾ! ಚಂದ್ರಾಮನಂಥಾ ರೊಟ್ಟಿ ಬಡೀತಿದ್ದೆಲ್ಲವ್ವಾ! ಎದುರು ಒಂದ ಮಾತು ಆಡ್ಲಿಲ್ಲಲ್ಲ ನನ್ನ ಬಂಗಾರಾ!”

ಲಲಿತಾ ದಂಗಾದಳು. ಅದೇ ಬೆಳಿಗ್ಗೆ ಅತ್ತೆ ಆ ರೊಟ್ಟಿಯನ್ನು ಎತ್ತಿ ಹಿಡಿದು, “ಇದೇನು ಜಿಲ್ಲಾ ನಕಾಶಿ?” ಎಂದು ಕೇಳಿದ್ದಳು! ಆಟಕ್ಕೆ ಬೇಕಾದದ್ದು ಒಂದೆರಡು ಕ್ಷಣದ ಅಳು. ಆದರೆ ಬದುಕಿದ್ದಾಗ ದೊರೆಯದ ಹೊಗಳಿಕೆ ಹೀಗೆ ಹೊಳೆಯಾಗಿ ಹರಿಯುವಾಗ ತಡೆಯುವ ಮನಸ್ಸು ಯಾರಿಗೆ ಬಂದೀತು? ಆಕೆ ಕಣ್ಣು ಮುಚ್ಚಿ ಕೇಳುತ್ತಲೇ ಕುಳಿತಳು.

ಇತ್ತ ಪಕ್ಕದ ಮನೆಯ ಶಹನಾಜಬೇಗಂ ಕೈಯಲ್ಲಿದ್ದ ಮೊರವನ್ನು ಬಿಟ್ಟು ಓಡಿಬಂದಳು. ಬಾಗಿಲು ತೆರೆಯದು. ಲಲಿತಾಳ ಮೊಬೈಲು ಹತ್ತದು. ಯಂಕೇಶನಿಗೆ ಫೋನು ಹಚ್ಚಿದಳು.

“ಯಂಕೇಶಣ್ಣಾ, ದೌಡ ಬರ್ರಿ! ನಮ್ಮ ಲಲಿತಕ್ಕ…” ಮುಂದಿನ ಮಾತು ಬಿಕ್ಕಿನಲ್ಲಿ ಮುಳುಗಿತು.

ಓಣಿ ಕೂಡಿತು. ಶಹನಾಜಬೇಗಂಳ ಗಂಡ ಉಮರಸಾಬ ಶಾಮಿಯಾನ ತಂದಿಳಿಸಿದ. ಹೆಂಗಸರು ಅಂಗಳದಲ್ಲಿ ಕುಳಿತರು. ಯಂಕೇಶ ಬಾಡಿಗೆ ಕಾರಿನಿಂದ ಇಳಿದಾಗಲೂ ಸೊಸೆಯ ಗುಣಗಾನ ಮುಗಿದಿರಲಿಲ್ಲ. ಅವನನ್ನು ಕಂಡೊಡನೆ ಹೆಂಗಸರೆಲ್ಲ ಮುದಕಮ್ಮನಿಗೆ ದನಿಗೂಡಿಸಿದರು; ಉಮರಸಾಬ ಗೂಟ ಬಡಿಯತೊಡಗಿದ.

ಒಳಗೆ ಹೆಡ್‌ಫೋನಿನಲ್ಲಿ ಒಂಟಿ ಅಳು ಇದ್ದಕ್ಕಿದ್ದಂತೆ ಮೇಳವಾಗಿ ಮೊಳಗಿತು. ನಡುವೆ ಗೂಟದ ಠಣ್ ಠಣ್ ಬೇರೆ! ಲಲಿತಾ ಸಿಡಿದೆದ್ದು ಚಾದರದ ಸಮೇತ ಬಾಗಿಲು ತೆರೆದಳು.

“ಯಾರದು, ಗದ್ಲಾ ಮಾಡಾಕತ್ತವರು?”

“ಯಾ ಅಲ್ಲಾ! ಎದ್ದು ಬಂದಾಳ!” ಎಂದು ಶಹನಾಜಬೇಗಂ ಚೀರಿದಳು. ಉಮರಸಾಬನ ಕೈಜಾರಿದ ಶಾಮಿಯಾನ ಹೆಂಗಸರ ಮೇಲೆ ಕುಸಿಯಿತು. ಮೆಟ್ಟಿಲ ಮುಂದೆ ಯಂಕೇಶ ಬಾಯಿ ತೆರೆದು ನಿಂತಿದ್ದ; ಕೈಯಲ್ಲಿ ಚೆಂಡುಹೂವಿನ ಹಾರ!

“ನೀ… ಅದೀಯೇನು?”

“ಅದೀನಿ. ಹಾರ ಯಾರಿಗ್ರಿ?”

“ನಿನಗ… ಅಂದ್ರ, ಹಂಗಲ್ಲ…”

“ಹಂಗಾರ ಸತ್ತಾರ ಯಾರು?” ಎಂದು ಶಾಮಿಯಾನದ ಅಡಿಯಿಂದ ಒಂದು ದನಿ ಕೇಳಿತು.

“ಕಟಗಿ ಗಿಳಿ,” ಎಂದಳು ಮುದಕಮ್ಮ, ಎಲೆ ಅಡಿಕೆಯ ಚೀಲ ಬಿಚ್ಚುತ್ತ.

ನಾಚಿಕೆಯನ್ನು ನುಂಗಿ, ಗೂಟದ ಸದ್ದನ್ನು ಸೋಸಿ, ಲಲಿತಾ ಮರುವಾರ ಆಟವನ್ನು ಹೆಮ್ಮೆಯಿಂದ ಸ್ಟೋರಿಗೆ ಏರಿಸಿದಳು. ಸಂಜೆಗೆ ದೂರು! ಆ ಅಳುವಿನ ಹಕ್ಕು ಬೇರೆಯವರದಂತೆ! ಒಡತಿ ಯಾರು? ಗುಲ್ಶನ, ತಳಕಲ್. ಶಹನಾಜಬೇಗಂಳ ಮಗಳು! ಅಂದು ಕಿಟಕಿಯ ಹೊರಗೆ ನಿಂತು ಅಳುವನ್ನು ಮೊಬೈಲಿಗೆ ತುಂಬಿಕೊಂಡು, ತನ್ನ ಹೆಸರಿನಲ್ಲಿ ಊರಿಗೆಲ್ಲ ಹಂಚಿದ್ದಳು.

“ನಮ್ಮತ್ತಿ ಅಳು ನಿಂದು ಹೆಂಗಾತ?” ಎಂದು ಲಲಿತಾ ಗುಡುಗಿದಳು.

“ಅಜ್ಜಿನ್ನ ಕೇಳೇ ಹಾಕೀನ್ರಿ ಅಕ್ಕಾ. ಯಾರ ಸದ್ದೋ ಅವರನ್ನ ಕೇಳಬೇಕು ಅಂತ ಓಣಿಗೆಲ್ಲಾ ನೀವ ಹೇಳ್ತಿದ್ರೆಲ್ಲ! ನಿಮ್ಮ ಆಟದಾಗಿಂದ ಅದನ್ನ ತಗೀರಿ, ನನ್ನ ದೂರೂ ತಗೀತೀನಿ.”

ಲಲಿತಾ ಅತ್ತೆಯ ಕಡೆಗೆ ತಿರುಗಿದಳು.

“ಹೌದವ್ವ. ಆಕಿ ‘ನಾ ಹಾಕ್ಕೊಳ್ಲೇನು ಅಜ್ಜಿ’ ಅಂತ ಕೇಳಿದ್ಲು. ನೀ ಬರೇ ‘ಅಳ್ರಿ’ ಅಂದಿ.”

ಗಂಡನ ಸೀನಿಗೂ ಒಪ್ಪಿಗೆ ಪಡೆದ ಲಲಿತಾ, ಅತ್ತೆಯ ಅಳುವನ್ನು ಮಾತ್ರ ಮನೆಯ ಬಿಂದಿಗೆಯಂತೆ ಕೇಳದೆ ಎತ್ತಿಕೊಂಡಿದ್ದಳು! ಖಾತೆ ಉಳಿಯಬೇಕಾದರೆ ಹೊಸ ಅಳುವೇ ಬೇಕು. ಆಕೆಯ ದನಿ ತಾನಾಗಿಯೇ ತಗ್ಗಿತು.

“ಅತ್ತಿ… ನಿಮ್ಮ ಒಪ್ಪಿಗಿ ಇದ್ರ… ಇನ್ನೊಮ್ಮಿ ಹೊಸದಾಗಿ ಅಳ್ತೀರೇನ್ರಿ?”

ಮುದಕಮ್ಮ ಎಲೆಗೆ ಸುಣ್ಣ ಸವರಿದಳು.

“ನಿನ್ನ ಮ್ಯಾಲೆ ಇದ್ದ ಹೊಗಳಿಕಿ ಎಲ್ಲಾ ಅವತ್ತ ತೀರಿ ಹೋತವ್ವ. ಮೊದ್ಲ ಒಂದು ದುಂಡನ ರೊಟ್ಟಿ ಬಡದು ತೋರ್ಸು, ಆಮ್ಯಾಲೆ ನೋಡೂಣು!”