ಅತ್ತೆಯ ಸ್ವೆಟರು, ಕೋಟಿಯ ಕಾರು

ಉಗ್ರಾಣದ ಡಬ್ಬಿಯಲ್ಲಿ ಉಣ್ಣೆ ದಾರ ಮುಗಿದಿತ್ತು. ತರಿಸಬೇಕೆಂದು ಹೋದ ವಾರವೇ ಬರೆದುಕೊಡಬೇಕಾಗಿದ್ದವನು ದಾರದಯ್ಯ, ಮರೆತಿದ್ದ.

ಕಾರಿನ ಕಾರ್ಖಾನೆಯಲ್ಲಿ ಅವನಿಗೆ ಆ ಹೆಸರು ಬಂದದ್ದೇ ಈ ಕೆಲಸದಿಂದ. ಕೋಟಿಗಟ್ಟಲೆ ಬೆಲೆಯ ಹೊಸ ಕಾರು ಗಾಳಿ ಪರೀಕ್ಷೆಗೆ ಬಂದಾಗ ಅದರ ಮೈತುಂಬ ಗೇಣುದ್ದದ ಉಣ್ಣೆ ಎಳೆಗಳನ್ನು ಟೇಪಿನಿಂದ ಅಂಟಿಸುವುದು ಅವನ ಪಾಲು. ದೈತ್ಯ ಫ್ಯಾನು ಗಾಳಿ ಬಿಟ್ಟಾಗ ಎಳೆಗಳು ಮೈಗೊರಗಿ ಮಲಗಿದರೆ ಕಾರಿನ ಆಕಾರ ಸರಿ. ಎದ್ದು ಕುಣಿದರೆ ಅಲ್ಲಿ ಗಾಳಿ ಸುಳಿ ಸುತ್ತುತ್ತಿದೆ, ಕಾರನ್ನು ಹಿಂದಕ್ಕೆ ಜಗ್ಗುತ್ತಿದೆ ಎಂದರ್ಥ.

"ಇನ್ನರ್ಧ ಗಂಟೆಗೆ ಫ್ಯಾನ್ ಹಾಕ್ತೀವಿ. ಬಾನೆಟ್ ಆಯ್ತೇನ್ರೀ?" ಎಂದರು ವಿಭಾಗದ ಸಾಹೇಬರು.

"ಆಗ್ತಾ ಇದೆ ಸರ್."

ಅಂಗಡಿಗೆ ಓಡಲು ಹೊತ್ತಿರಲಿಲ್ಲ. ಮರೆತೆ ಎನ್ನಲು ಬಾಯಿ ಬರಲಿಲ್ಲ. ತಲೆ ತಗ್ಗಿಸಿದಾಗ ಕಂಡದ್ದು ಮೈಮೇಲಿನ ಕೆಂಪು ಸ್ವೆಟರು.

ಅದು ಅತ್ತೆ ಹೆಣೆದದ್ದು. ಮದುವೆಗೆ ಒಪ್ಪದೆ ಮೂರು ವರ್ಷ ಮಾತು ಬಿಟ್ಟಿದ್ದ ಅತ್ತೆ, ಕಣ್ಣಿನ ಆಪರೇಷನ್ ಆದಮೇಲೂ ಹಟ ಹಿಡಿದು ಆರು ತಿಂಗಳು ಹೆಣೆದು ಕೊಟ್ಟ ಮೊದಲ ಉಡುಗೊರೆ. ಆಕೆ ಅಂದು ಸಂಜೆಯೇ ಊಟಕ್ಕೆ ಬರುವವರಿದ್ದರು.

ಒಂದೆಳೆ ಮಾತ್ರ, ಎಂದುಕೊಂಡು ಅವನು ಕೆಳ ಅಂಚಿನ ಕೊನೆಯ ಗಂಟು ಬಿಚ್ಚಿದ. ಎಳೆ ಬೆಣ್ಣೆಯೊಳಗಿನ ಕೂದಲಿನಂತೆ ಸಲೀಸಾಗಿ ಬಂತು. ಬಾನೆಟ್ ಮುಗಿಯುವಷ್ಟರಲ್ಲಿ ಸ್ವೆಟರು ಹೊಕ್ಕುಳ ದಾಟಿ ಮೇಲೇರಿತ್ತು.

ಫ್ಯಾನು ತಿರುಗಿತು. ಎಳೆಗಳು ಗದರಿಸಿಕೊಂಡ ಮಕ್ಕಳ ಹಾಗೆ ಸಾಲಾಗಿ ಮಲಗಿದವು.

"ಈ ಕೆಂಪು ಎಷ್ಟು ಚೆನ್ನಾಗಿ ಕಾಣುತ್ತೆ ರೀ. ಬಾಗಿಲಿಗೂ ಇದನ್ನೇ ಹಾಕಿ," ಎಂದರು ಸಾಹೇಬರು.

ಬಾಗಿಲುಗಳಿಗೆ ಎದೆಯವರೆಗಿನ ಭಾಗ ಹೋಯಿತು. ಅಷ್ಟರಲ್ಲಿ ಕಾರಿನ ಆಕಾರ ಬರೆದ ವಿನ್ಯಾಸಗಾರ್ತಿ ಬಂದಳು.

"ಹಿಂದೆ ಡಿಕ್ಕಿ ಮೇಲಿನ ರೆಕ್ಕೆ ಕೆಳಗೂ ಬೇಕು. ಒತ್ತೊತ್ತಾಗಿ ಹಾಕಿ."

"ಮೇಡಂ, ದಾರ ಸ್ವಲ್ಪ..."

"ಯಾಕೆ, ತೋಳು ಎರಡೂ ಇನ್ನೂ ಹಾಗೇ ಇವೆಯಲ್ಲ," ಎಂದಳು ಆಕೆ, ನಗದೆ.

ಹಿಂದೆ ಯಾರೋ ಕಿಸಕ್ಕೆಂದರು. ಬೆಳಗಿನಿಂದ ಎಲ್ಲರೂ ನೋಡುತ್ತಲೇ ಇದ್ದರೆಂದು ದಾರದಯ್ಯನಿಗೆ ಹೊಳೆದದ್ದು ಆಗ. ಕಿವಿ ಕಾದು ಸ್ವೆಟರಿಗಿಂತ ಕೆಂಪಾದವು. ಸಂಜೆಯ ಹೊತ್ತಿಗೆ ಕತ್ತಿನ ಪಟ್ಟಿಯೊಂದೇ ಉಳಿದು, ಅವನು ಸಾಕುನಾಯಿಯಂತೆ ಕಾಣುತ್ತಿದ್ದ.

ಅದನ್ನೂ ಕಳಚಿ ಬಿಸಾಡಿ, ಬಸ್ಸಿನುದ್ದಕ್ಕೂ ಒಂದು ಸುಳ್ಳನ್ನು ಬಾಯಿಪಾಠ ಮಾಡುತ್ತ ಮನೆಗೆ ಬಂದ. ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಅಳಿಯಂದಿರೇ, ಹೇಳೋಕೆ ನನಗೇ ನಾಚಿಕೆ. ಆ ಸ್ವೆಟರ್ ಅಳತೆ ತಪ್ಪಿದೆ. ಒಂದು ತೋಳು ಉದ್ದ, ಒಂದು ಗಿಡ್ಡ. ನೀವು ಪಾಪ, ನನ್ನ ಮನಸ್ಸು ನೋಯಬಾರದು ಅಂತ ತೊಟ್ಕೊಂಡು ತಿರುಗ್ತೀರಿ. ಪೂರ್ತಿ ಬಿಚ್ಚಿ ಹೊಸದಾಗಿ ಹೆಣಿಬೇಕು."

ಎದೆಯ ಮೇಲಿನ ಬಂಡೆ ಉರುಳಿದಂತಾಯಿತು. ನಾಲಿಗೆ ತಾನಾಗಿ ಹೊರಳಿತು. "ಬಿಚ್ಚಿ ಆಯ್ತು ಅತ್ತೆ. ನಿಮಗ್ಯಾಕೆ ಶ್ರಮ ಅಂತ ನಾನೇ ಬಿಚ್ಚಿದೆ."

ಅತ್ತೆಯ ಕಣ್ಣು ತುಂಬಿತು. "ನೋಡೇ, ನಿನ್ನ ಗಂಡನ್ನ," ಎಂದು ಮಗಳನ್ನು ಕರೆದರು. "ಇಷ್ಟು ವರ್ಷ ಇವರನ್ನ ತಪ್ಪು ತಿಳ್ಕೊಂಡಿದ್ದೆ ನಾನು." ಚೀಲದಿಂದ ಎರಡು ಹೆಣಿಗೆ ಕಡ್ಡಿ ತೆಗೆದು, ಕನ್ನಡಕ ಏರಿಸಿ, ಕೈ ಚಾಚಿದರು. "ತನ್ನಿ. ಊಟಕ್ಕೆ ಮುಂಚೆ ನಾಲ್ಕು ಸಾಲು ಹಾಕಿಬಿಡ್ತೀನಿ. ದಾರದ ಉಂಡೆ ಎಲ್ಲಿ?"

ಉಂಡೆ ಸಾವಿರಾರು ತುಂಡಾಗಿ, ಟೇಪಿನ ಸಮೇತ, ಒಂದು ಕಾರಿನ ಮೈಮೇಲೆ ಅಚ್ಚುಕಟ್ಟಾಗಿ ಮಲಗಿತ್ತು.

"ಮೊದಲು ಊಟ ಮಾಡಿ ಅತ್ತೆ," ಎಂದ ದಾರದಯ್ಯ, ನೆಲ ನೋಡುತ್ತ.