ಉದ್ದಿನ ಡಬ್ಬದಲ್ಲಿ ಹಿಡಿಯುವ ಕೀಪ್ಯಾಡ್

ಪೇಟೆಯಲ್ಲಿ ನಿಂತು ಒಂದು ವಸ್ತುವನ್ನು ಆರಿಸುವ ವಿದ್ಯೆ ಎಲ್ಲರಿಗೂ ಬರುವುದಿಲ್ಲ. ನನಗೆ ಬರುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳ ಗಿಣ್ಣಿನಿಂದ ಎರಡು ಸಲ ಕುಟ್ಟಿದರೆ ಸಾಕು, ಅದರ ಜಾತಕ ಹೇಳಬಲ್ಲೆ. ಬಂಗುಡೆ ಮೀನಿನ ಕಣ್ಣು ನೋಡಿ ಅದು ನಿನ್ನೆಯದೋ ಮೊನ್ನೆಯದೋ ಎಂದು ಹೇಳಬಲ್ಲೆ. ಮುಂಬಯಿಯ ದಹಿಸರ್ ಸ್ಟೇಷನ್ನಿನ ಹೊರಗೆ ಕೂರುವ ತರಕಾರಿಯವಳು ನಾನು ಬರುವುದನ್ನು ಕಂಡರೆ ಕೊಳೆತ ಟೊಮೆಟೊಗಳನ್ನು ತಾನಾಗಿಯೇ ಗೋಣಿಯ ಅಡಿಗೆ ತಳ್ಳುತ್ತಾಳೆ. ಗಂಡನನ್ನು ಮಾತ್ರ ನಾನು ಆರಿಸಲಿಲ್ಲ, ಹಿರಿಯರು ಆರಿಸಿದರು. ಅದೂ ಪರವಾಗಿಲ್ಲ ಎನ್ನುವ ಹಾಗೇ ಆಯಿತೆನ್ನಿ. ಹೀಗಿರುವಾಗ, ಐವತ್ತಾರನೆಯ ವಯಸ್ಸಿನಲ್ಲಿ, ಕಂಪ್ಯೂಟರ್ ಗೇಮ್ ಆಡುವುದಕ್ಕೆಂದು ಒಂದೇ ಕೈಯಲ್ಲಿ ಒತ್ತುವ ಪುಟ್ಟ ಕೀಪ್ಯಾಡೊಂದನ್ನು ಕೊಳ್ಳುವ ಸಂದರ್ಭ ಬಂದಾಗ ನನಗೆ ಒಂದಿಷ್ಟೂ ಅಳುಕಾಗಲಿಲ್ಲ.

ಗೇಮ್ ಆಡುವುದು ಯಾರು ಎಂದು ನೀವು ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನೇ. ಇದು ನಮ್ಮ ಬಿಲ್ಡಿಂಗಿನವರಿಗೆ ತಿಳಿದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ? ಏಕೆಂದರೆ ನಾನು ಬಿಲ್ಡಿಂಗಿನ ಮಹಿಳಾ ಮಂಡಳದ ಅಧ್ಯಕ್ಷೆ. ಅರಸಿನ ಕುಂಕುಮದ ದಿನ ಮೈಕು ಹಿಡಿದು, 'ಗೇಮ್ ಎಂಬ ವಿಷ ನಮ್ಮ ಮಕ್ಕಳನ್ನು ಹೇಗೆ ಹಾಳು ಮಾಡುತ್ತಿದೆ' ಎಂದು ಅರ್ಧ ಗಂಟೆ ಮಾತಾಡಿ, ಎರಡನೇ ಮಾಳಿಗೆಯ ಅಜ್ಜಿಯ ಕಣ್ಣಲ್ಲಿ ನೀರು ತರಿಸಿದವಳು. ಬರೀ ಮಾತಲ್ಲ, ಆಚರಣೆಯಲ್ಲೂ ತೋರಿಸಿದವಳು. ಮಗಳು ಶ್ರುತಿ ಹತ್ತನೇ ಕ್ಲಾಸಿನಲ್ಲಿದ್ದಾಗ ಅವಳ ಸೋದರಮಾವ ತಂದುಕೊಟ್ಟಿದ್ದ, ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮನ್ನು ಕಿತ್ತುಕೊಂಡು ಉದ್ದಿನ ಡಬ್ಬದಲ್ಲಿ ಅಡಗಿಸಿದ್ದೆ. ಡಬ್ಬದ ತಳದಲ್ಲಿ ಗೇಮ್, ಅದರ ಮೇಲೆ ಒಂದು ಸ್ಟೀಲ್ ತಟ್ಟೆ, ತಟ್ಟೆಯ ಮೇಲೆ ಎರಡು ಹಿಡಿ ಉದ್ದು. ಮುಚ್ಚಳ ತೆಗೆದವರಿಗೆ ಉದ್ದೇ ಕಾಣಬೇಕು. "ಪರೀಕ್ಷೆ ಮುಗೀಲಿ, ಕೊಡ್ತೇನೆ" ಎಂದೆ. ಹತ್ತನೆಯದು ಮುಗಿಯಿತು, ಹನ್ನೆರಡನೆಯದು ಬಂತು. ಅದು ಮುಗಿಯಿತು, ಡಿಗ್ರಿ ಬಂತು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಈಗ ಅವಳಿಗೆ ಇಪ್ಪತ್ತಾರು, ಅಂಧೇರಿಯ ಆಫೀಸಿಗೆ ದಿನಾ ಲೋಕಲ್ ಹಿಡಿದು ಹೋಗುತ್ತಾಳೆ. ಆ ಗೇಮ್ ಏನಾಯಿತು ಎಂಬ ವಿಷಯ ಸದ್ಯಕ್ಕೆ ಬೇಡ.

ಇಂಥ ನಾನು ಕೆಟ್ಟದ್ದು ಹೇಗೆಂದರೆ, ಮಗಳ ಹಳೆಯ ಕಂಪ್ಯೂಟರಿನಲ್ಲಿದ್ದ ಗೇಮನ್ನು ಅಳಿಸಿಹಾಕುವ ಸದುದ್ದೇಶದಿಂದ ಒಂದು ಮಧ್ಯಾಹ್ನ ಅದನ್ನು ತೆರೆದೆ. ಅಳಿಸುವ ಮುಂಚೆ ಇದರಲ್ಲಿ ಅಂಥದ್ದೇನಿದೆ ಎಂದು ನೋಡಬೇಡವೇ? ನೋಡಿದೆ. ಮರುದಿನವೂ ನೋಡಿದೆ. ನಾಲ್ಕು ಜನ ಸೇರಿ ಒಂದು ಕೋಟೆ ಕಾಯುವ ಆಟ. ನನ್ನ ತಂಡದಲ್ಲಿ ನಾಸಿಕದ ಒಬ್ಬ, ಇಂದೋರಿನ ಇಬ್ಬರು, ಎಲ್ಲ ಕಾಲೇಜು ಹುಡುಗರು. ನಾನು ಮೈಕು ಹಾಕುವುದಿಲ್ಲ. ಅವರಾಡಿದ್ದು ನನಗೆ ಕೇಳಿಸುತ್ತದೆ, ನಾನು ಟೈಪ್ ಮಾಡಿ ಉತ್ತರಿಸುತ್ತೇನೆ. ಆಟದಲ್ಲಿ ನನ್ನ ಹೆಸರು ನೀರ್‌ದೋಸೆ. ಅವರ ಪಾಲಿಗೆ ನಾನು 'ನೀರ್‌ದೋಸೆ ಭಾಯ್'. "ನೀರ್‌ದೋಸೆ ಭಾಯ್, ಪೀಛೇ ದೇಖ್!" ಎಂದು ದಿನಕ್ಕೆ ಹತ್ತು ಸಲ ಕಿರುಚುತ್ತಾರೆ, ಏಕೆಂದರೆ ಹಿಂದಿನಿಂದ ಬರುವ ಶತ್ರು ನನಗೆ ಕಾಣಿಸುವುದೇ ಇಲ್ಲ. ಮೂವತ್ತು ವರ್ಷ ಮುಂದಿರುವ ಒಲೆಯನ್ನೇ ನೋಡಿದವಳಿಗೆ ಹಿಂದೆ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು!

ಸಮಯ ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಮಗಳು ಆಫೀಸಿನಲ್ಲಿ, ಯಜಮಾನರು ನಿದ್ದೆಯಲ್ಲಿ. ನಲವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತು ನಿವೃತ್ತರಾದವರು ಅವರು; ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಗಲಾಟೆ ಶುರುವಾಗುವ ನಡುವೆ ಮಲಗುವ ರೂಢಿ ಈಗಲೂ ಬಿಟ್ಟಿಲ್ಲ. ಆ ಒಂದೂವರೆ ಗಂಟೆ ನನ್ನದು. ಬೇರೆ ಯಾವ ಹೊತ್ತನ್ನೂ ನಾನು ಇಷ್ಟು ಸಂತೋಷದಿಂದ ನನ್ನದು ಎಂದುಕೊಂಡವಳಲ್ಲ.

ಅದಕ್ಕೆ ಎರಡು ಸಂಕಟಗಳು ಬಂದವು. ಒಂದು, ನಮ್ಮ ಹಾಲ್‌ನ ಕಂಪ್ಯೂಟರ್ ಮೇಜು ಮಣೆಯಷ್ಟೇ ಅಗಲ. ಕೀಬೋರ್ಡೇ ಇಡೀ ಜಾಗ ತಿನ್ನುತ್ತದೆ, ಮೌಸು ಅಂಚಿನಲ್ಲಿ ಪ್ರಾಣ ಕೈಯಲ್ಲಿ ಹಿಡಿದುಕೊಂಡಿರುತ್ತದೆ. ಒಂದು ದೊಡ್ಡ ಪಂದ್ಯದ ಕೊನೆಯ ಗಳಿಗೆಯಲ್ಲಿ ಅದು ಕೆಳಗೆ ಬಿತ್ತು. ನಾನು ಬಗ್ಗಿ ಎತ್ತುವಷ್ಟರಲ್ಲಿ ಕೋಟೆ ಹೋಯಿತು. "ಭಾಯ್, ಅಗಲೀ ಬಾರ್ ಐಸಾ ಹುವಾ ತೋ ದೂಸರಾ ಬಂದಾ ಲೇನಾ ಪಡೇಗಾ" ಎಂದು ನಾಸಿಕದವನು ಮೆಲ್ಲಗೆ ಹೇಳಿದ. ಬೇರೆಯವನನ್ನು ತಗೊಳ್ಳುತ್ತಾರಂತೆ! ನನಗೆ ನಿಜಕ್ಕೂ ದುಃಖವಾಯಿತು. ಇನ್ನೊಂದು, ಯಜಮಾನರು ಬಿಲ್ಡಿಂಗಿನ ಸೆಕ್ರೆಟರಿಗೆ ಪತ್ರ ಟೈಪ್ ಮಾಡಲು ಕೂತವರು ಕನ್ನಡಕ ಏರಿಸಿ ಕೇಳಿದರು: "ಎಂತದು ಮಾರಾಯ್ತಿ, ಇದರಲ್ಲಿ ಈ ನಾಲ್ಕು ಅಕ್ಷರ ಮಾತ್ರ ಸವೆದು ಹೋಗಿದೆ?" ಆಟದಲ್ಲಿ ಹಿಂದೆ ಮುಂದೆ ಅತ್ತ ಇತ್ತ ನಡೆಯುವುದು ಆ ನಾಲ್ಕೇ ಕೀಲಿಗಳಿಂದ. "ಅಲ್ಲಿ ಬಿಸಿಲು ಬೀಳ್ತದೆ" ಎಂದೆ. ಬಿಸಿಲು ನಾಲ್ಕೇ ಅಕ್ಷರ ಆರಿಸಿಕೊಂಡು ಬೀಳುತ್ತದೆಯೇ ಎಂದು ಅವರು ಕೇಳಲಿಲ್ಲ, ಒಳ್ಳೆಯವರು.

ಪರಿಹಾರವನ್ನು ಇಂದೋರಿನವರಲ್ಲೊಬ್ಬ ಹೇಳಿದ. ಎಡಗೈಗೆ ಬೇಕಾದ ಕೀಲಿಗಳಷ್ಟೇ ಇರುವ ಪುಟ್ಟ ಕೀಪ್ಯಾಡ್ ಸಿಗುತ್ತದೆ, ಬಲಗೈಗೆ ಮೌಸು, ಮೇಜೆಲ್ಲ ಖಾಲಿ. ಆಡಿಯಾದ ಮೇಲೆ ಎತ್ತಿ ಅಡಗಿಸಲೂಬಹುದು. ಎಲ್ಲಿ ಎಂದು ಯೋಚಿಸಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಮರುದಿನವೇ ಉದ್ದಿನ ಡಬ್ಬದ ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡು, ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಕೂತು, ಗ್ರಾಂಟ್ ರೋಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗಳ ಬೀದಿಗೆ ಹೋದೆ.

"ಬಚ್ಚೇ ಕೇ ಲಿಯೇ, ಆಂಟಿ?" ಎಂದ ಅಂಗಡಿಯವನು.

"ಹಾಂ, ಬಚ್ಚೇ ಕೇ ಲಿಯೇ" ಎಂದೆ, ಕಣ್ಣು ಮಿಟುಕಿಸದೆ.

ಮಗುವಿನ ಕೈ ಎಷ್ಟು ದೊಡ್ಡದು ಎಂದು ಕೇಳಿದ. ನಾನು ನನ್ನ ಎಡಗೈಯನ್ನು ಗಾಜಿನ ಮೇಲೆ ಅಗಲಿಸಿಟ್ಟು, "ಬಿಲ್ಕುಲ್ ಇತನಾ ಹೀ" ಎಂದೆ. ಅವನು ಬಳೆಗಳನ್ನೂ ನೋಡಿದ, ನನ್ನ ಮುಖವನ್ನೂ ನೋಡಿದ, ಐದಾರು ಕೀಪ್ಯಾಡುಗಳನ್ನು ಹರಡಿದ. ನಾನು ಒಂದೊಂದರ ಮೇಲೂ ಮುಚ್ಚಳ ಇಟ್ಟು ನೋಡತೊಡಗಿದೆ. ಮುಚ್ಚಳದಿಂದ ಹೊರಗೆ ಚಾಚಿದ್ದು ಎಷ್ಟೇ ಚೆಂದವಿದ್ದರೂ ಬೇಡ. ಹೀಗೆ ಎರಡು ಹೋದವು. ಒಂದು ತೀರಾ ಹಗುರ, ಒತ್ತಿದರೆ ಮೇಜಿನ ಮೇಲೆ ಜಾರುತ್ತಿತ್ತು. ಜಾರುವ ಮಣೆಯಲ್ಲಿ ಕೂತು ಕಾಯಿ ತುರಿದವಳಿಗೆ ಅದರ ಕಷ್ಟ ಗೊತ್ತು, ಅದನ್ನೂ ಬಿಟ್ಟೆ. ಮತ್ತೊಂದರಲ್ಲಿ ಹೆಬ್ಬೆರಳಿನ ಕೀಲಿ ಎಷ್ಟು ದೂರವಿತ್ತೆಂದರೆ ಅದನ್ನು ಮುಟ್ಟಲು ಇನ್ನೊಂದು ಹೆಬ್ಬೆರಳು ಬೇಕು. ಕೊನೆಗೆ ಉಳಿದದ್ದು ಅಂಗೈ ಊರಲು ಪುಟ್ಟ ಮೆತ್ತೆಯಿದ್ದ, ಗಟ್ಟಿಮುಟ್ಟಾದ ಒಂದು. ಮುಚ್ಚಳದೊಳಗೆ ಅಳೆದಿಟ್ಟ ಹಾಗೆ ಕೂತಿತು.

ಆಮೇಲೆ ಅವನು ಕೀಲಿಯ ಕೆಳಗಿನ ಸ್ವಿಚ್ಚುಗಳ ವಿಷಯ ತೆಗೆದ. ಅವುಗಳಲ್ಲಿ ಬಣ್ಣದ ಲೆಕ್ಕ: ಕೆಂಪು, ಕಂದು, ನೀಲಿ. ಯಾವುದು ಒಳ್ಳೆಯದು ಎಂದು ಅವನನ್ನು ಕೇಳುವ ಪೈಕಿ ನಾನಲ್ಲ. ಮೂರನ್ನೂ ಒಂದೊಂದಾಗಿ ಕಿವಿಗೆ ಹಿಡಿದು ಒತ್ತಿದೆ. ಕೆಂಪಿನದು ಸಪ್ಪೆ, ಎಳನೀರಿನ ಬೊಂಡದ ಹಾಗೆ. ಕಂದಿನದು ಮಾತಾಡಲೋ ಬೇಡವೋ ಎನ್ನುತ್ತಿತ್ತು. ನೀಲಿಯದು ಮಾತ್ರ 'ಟಿಕ್' ಎಂದು ಖಣಖಣವಾಗಿ ಉತ್ತರ ಕೊಟ್ಟಿತು, ಬಲಿತ ಕಾಯಿ ಕೊಡುವ ಹಾಗೆ. ಹೊರಗೆ ಟೆಂಪೋ ಹಾರ್ನ್ ಹೊಡೆಯುತ್ತಿತ್ತು, ಲೋಕಲ್ ದಡದಡ ಹೋಗುತ್ತಿತ್ತು, ಪಕ್ಕದ ಅಂಗಡಿಯವನು ಸ್ಪೀಕರ್ ಪರೀಕ್ಷಿಸುತ್ತಿದ್ದ. ಅಷ್ಟರ ನಡುವೆ ನೀಲಿಯ ದನಿ ಹಿತವಾಗಿ, ಮೆದುವಾಗಿ ಕೇಳಿಸಿತು. "ಯೇ ದೇ ದೋ" ಎಂದೆ. ಬೇಡವೆನಿಸಿದರೆ ಸ್ವಿಚ್ಚನ್ನು ಕಿತ್ತು ಬೇರೆ ಹಾಕಬಹುದು ಎಂದು ಅವನು ಒಂದು ಪುಟ್ಟ ಚಿಮಟವನ್ನೂ ಕೊಟ್ಟ. ನಾನು ಆರಿಸಿದ್ದನ್ನು ಬದಲಾಯಿಸುವುದೇ? ನಗು ಬಂತು. ಚಿಮಟ ಮೀನಿನ ಮುಳ್ಳು ತೆಗೆಯಲು ಆದೀತೆಂದು ಚೀಲಕ್ಕೆ ಹಾಕಿಕೊಂಡೆ.

ಮರುದಿನ ಎರಡೂವರೆಗೆ, ಇಡೀ ಬಿಲ್ಡಿಂಗು ಮಲಗಿದ್ದ ಹೊತ್ತಿನಲ್ಲಿ, ಮೊದಲ ಕೀಲಿ ಒತ್ತಿದೆ. ಅಯ್ಯೋ ದೇವರೇ! ಅದು ಟಿಕ್ ಅಲ್ಲ, ಕಟ್! ನಾಲ್ಕು ಬೆರಳು ಓಡಿದರೆ ಕಟಕಟಕಟಕಟ, ಯಾರೋ ಹಾಲ್‌ನಲ್ಲಿ ಕೂತು ಅಡಿಕೆ ಕತ್ತರಿಸಿದ ಹಾಗೆ. ಟವೆಲ್ ಹೊದಿಸಿದೆ, ಶಬ್ದ ಕಡಿಮೆಯಾಗಲಿಲ್ಲ, ಕೈ ಬೆವರಿತು ಅಷ್ಟೆ. ಆದರೆ ಯಜಮಾನರ ಗೊರಕೆ ಮಾತ್ರ ನಿಲ್ಲಲಿಲ್ಲ. ಧೈರ್ಯ ಬಂದು ಆಡಿದೆ. ನಡುವೆ ಒಮ್ಮೆ ನಾನು ಸತ್ತು, ಅಂದರೆ ಆಟದಲ್ಲಿ ಸತ್ತು, ಕೈ ಎತ್ತಿದೆ ನೋಡಿ, ಕೂಡಲೇ ಒಳಗಿನಿಂದ ದನಿ ಬಂತು: "ಎಂತ ಆಯ್ತು?" ಹೋಟೆಲಿನವರಿಗೆ ತಟ್ಟೆ ಲೋಟಗಳ ಸದ್ದಿನಲ್ಲೇ ನಿದ್ದೆ, ಸದ್ದು ನಿಂತರೆ ಏನೋ ಅನಾಹುತವಾಯಿತೆಂದು ಎಚ್ಚರ. "ಏನಿಲ್ಲ, ಮೇಲಿನವರ ಮನೆಯಲ್ಲಿ ಟೈಲ್ಸ್ ಕೆಲಸ" ಎಂದೆ. ಮುಂಬಯಿಯಲ್ಲಿ ಈ ಉತ್ತರವನ್ನು ಯಾರೂ ಪ್ರಶ್ನಿಸುವುದಿಲ್ಲ. ಅಂದಿನಿಂದ ಸತ್ತರೂ ಕೀಲಿ ಒತ್ತುತ್ತಲೇ ಇರುವ ಅಭ್ಯಾಸ ಮಾಡಿಕೊಂಡೆ. ಮೂರು ವಾರ ಸುಖವಾಗಿ ಕಳೆಯಿತು. ನನ್ನ ಆಟವೂ ಏರಿತು. ಬರುವ ಶನಿವಾರ ಮೂರು ಗಂಟೆಗೆ ಒಂದು ಪಂದ್ಯ, ಸೋತ ತಂಡ ಹೊರಗೆ, ತಪ್ಪದೆ ಬಾ ಭಾಯ್ ಎಂದು ಮೂವರೂ ಹೇಳಿದರು.

ಬುಧವಾರ ಡಬ್ಬ ತೆರೆದು ತಟ್ಟೆ ಎತ್ತಿದರೆ, ತಳ ಫಳಫಳ ಹೊಳೆಯುತ್ತಿತ್ತು. ಕೀಪ್ಯಾಡ್ ಇಲ್ಲ! ಕಡಲೆಯ ಡಬ್ಬ ನೋಡಿದೆ, ತೊಗರಿಯ ಡಬ್ಬ ನೋಡಿದೆ, ಫ್ರಿಜ್ಜಿನಲ್ಲೂ ನೋಡಿದೆ. ಚಮಚಗಳ ಡ್ರಾವರಿನಲ್ಲಿದ್ದ ಚಿಮಟವೂ ಮಾಯ. ಕಳೆದದ್ದಕ್ಕಿಂತ ದೊಡ್ಡ ಸಂಕಟವೆಂದರೆ ಯಾರನ್ನೂ ಕೇಳುವಂತಿಲ್ಲ. ಇಲ್ಲದ ವಸ್ತು ಕಳೆದುಹೋಗಿದೆ ಎಂದು ಹೇಗೆ ಹೇಳಲಿ? ರಾತ್ರಿ ಊಟಕ್ಕೆ ಬಡಿಸುತ್ತ ಅಪ್ಪ ಮಗಳ ಮುಖಗಳನ್ನು ಕದ್ದು ನೋಡಿದೆ. ಯಜಮಾನರು, "ಟೈಲ್ಸಿನವರು ಕೆಲಸ ನಿಲ್ಲಿಸಿದರಾ? ನನಗೆ ನಿದ್ದೆಯೇ ಬರ್ಲಿಲ್ಲ" ಎಂದರು. ಶ್ರುತಿ ತಲೆ ಎತ್ತದೆ ಸಾರು ಕಲಸುತ್ತಿದ್ದಳು.

ಶನಿವಾರ ಅವಳಿಗೆ ರಜೆಯಿತ್ತು. ಎರಡೂ ಮುಕ್ಕಾಲಾಯಿತು. ನಾನು ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಮೂರು ಹುಡುಗರು ನನಗಾಗಿ ಕಾಯುತ್ತಾರಲ್ಲ! ಶ್ರುತಿ ಕೋಣೆಯಿಂದ ಬಂದು ನನ್ನ ಕೀಪ್ಯಾಡನ್ನು ಮೇಜಿನ ಮೇಲಿಟ್ಟಳು.

"ಅಮ್ಮಾ, ಚೋರೀ ಸೇ ಆಡ್ಲಿಕ್ಕೆ ಬ್ಲೂ ಸ್ವಿಚ್ ಯಾರಾದ್ರೂ ತಗೊಳ್ತಾರಾ? ಪೂರಾ ಬಿಲ್ಡಿಂಗ್‌ಗೆ ಕೇಳ್ತದೆ. ಮೊನ್ನೆ ಮಂಗಳವಾರ ಹಾಫ್ ಡೇ ಬಂದಿದ್ದೆ, ಲಿಫ್ಟ್ ಹತ್ರಾನೇ ಕೇಳ್ತು, ಒಳಗೆ ಬಾರದೆ ವಾಪಸ್ ಹೋದೆ. ನಾನು ಸೈಲೆಂಟ್‌ವಾಲಾ ಹಾಕಿದ್ದೇನೆ."

ಒತ್ತಿ ನೋಡಿದೆ. ದನಿಯೇ ಇಲ್ಲ, ಹತ್ತಿ ಒತ್ತಿದ ಹಾಗೆ. "ಡಬ್ಬದಲ್ಲಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದೆ.

"ನೀನು ಬೇರೆ ಎಲ್ಲಿ ಇಡ್ತೀಯಾ?" ಎಂದವಳು, ಕೇಬಲ್ಲನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಳು. "ಏಕ್ ಕಂಡೀಷನ್. ನನ್ನ ವಿಡಿಯೋ ಗೇಮ್ ಎಲ್ಲಿ, ಹೇಳು."

ಗಡಿಯಾರ ನೋಡಿದೆ. ಇನ್ನೂ ಭದ್ರವಾಗಿದೆ, ಅಟ್ಟದ ಪೆಟ್ಟಿಗೆಯಲ್ಲಿದೆ ಎಂಬ ಹಳೆಯ ಸುಳ್ಳು ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. ಮೂರು ದಿನ ಖಾಲಿ ಡಬ್ಬ ನೋಡಿದ ಹೊಟ್ಟೆಯುರಿ ಇನ್ನೂ ಹಸಿಯಾಗಿತ್ತು.

"ಭಂಗಾರ್‌ನವನಿಗೆ, ಆ ಗುಜರಿಯವನಿಗೆ ಕೊಟ್ಟುಬಿಟ್ಟೆ ಮಗಾ. ನಿನ್ನ ಹತ್ತನೇ ಪರೀಕ್ಷೆ ಮುಗಿಯುವ ಮೊದಲೇ. ಹಳೇ ಪೇಪರಿನ ಜೊತೆ."

"ಗೊತ್ತು" ಎಂದಳು. "ಗ್ಯಾಲರಿಯಿಂದ ನೋಡಿದ್ದೆ. ನಾನು ಲಾಸ್ಟ್ ಲೆವೆಲ್‌ನಲ್ಲಿದ್ದೆ, ಅಮ್ಮಾ. ನೀನು ಯಾವತ್ತಾದ್ರೂ ಹೇಳ್ತೀಯಾ ಅಂತ ವೆಯ್ಟ್ ಮಾಡ್ತಿದ್ದೆ."

ಹನ್ನೊಂದು ವರ್ಷ. ಅಷ್ಟೂ ವರ್ಷ ಅವಳಿಗೆ ಗೊತ್ತಿದ್ದೂ ನನ್ನ 'ಕೊಡ್ತೇನೆ, ಕೊಡ್ತೇನೆ'ಯನ್ನು ಕೇಳಿಸಿಕೊಂಡಿದ್ದಳು. ನನಗೆ ನಾಚಿಕೆಯಾಯಿತು. "ತಪ್ಪಾಯ್ತು" ಎಂದೆ. ಮಗಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅವಳು ಕೇಬಲ್ಲನ್ನು ಕಂಪ್ಯೂಟರಿಗೆ ಚುಚ್ಚಿ, ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಜಲ್ದೀ, ಮೂರಾಯ್ತು" ಎಂದಳು. ಪಂದ್ಯ ಗೆದ್ದೆವು. ನನ್ನ ಚಾಕಚಕ್ಯತೆಯಿಂದ ಎಂದು ಬರೆಯಬಹುದಿತ್ತು; ಆದರೆ ನಿಜವೇನೆಂದರೆ ನನ್ನ ಹಿಂದೆ ಬಂದವರನ್ನೆಲ್ಲ ಶ್ರುತಿಯೇ ನೋಡಿ ಹೇಳುತ್ತಿದ್ದಳು. ನಡುವೆ ಶಬ್ದವಿಲ್ಲದ್ದರಿಂದ ಯಜಮಾನರು ಎದ್ದು ಬಂದು, ನಮ್ಮಿಬ್ಬರ ಹಿಂದೆ ನಿಂತು, "ಹೋ, ಇದಾ ಟೈಲ್ಸ್ ಕೆಲಸ!" ಎಂದು ಚಹಾ ಮಾಡಲು ತಾವೇ ಒಳಗೆ ಹೋದರು.

ಆ ಮುಂದಿನ ವಾರ ನಾನು ಮತ್ತೆ ಅದೇ ಅಂಗಡಿಗೆ ಹೋದೆ. ಶ್ರುತಿಯ ಹಳೆಯದರಂಥದ್ದೇ, ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಬೇಕಿತ್ತು. "ಬಚ್ಚೇ ಕೇ ಲಿಯೇ?" ಎಂದ ಅಂಗಡಿಯವನು, ಈ ಸಲ ನಗುತ್ತ. "ಹಾಂ, ಸಚ್ ಮೇಂ ಬಚ್ಚೀ ಕೇ ಲಿಯೇ" ಎಂದೆ, ಈ ಸಲ ನಿಜವಾಗಿಯೂ ಮಗಳಿಗೇ. ಅವಳ ಹುಟ್ಟುಹಬ್ಬಕ್ಕೆ ಇನ್ನೂ ನಾಲ್ಕು ದಿನವಿತ್ತು. ಅಲ್ಲಿಯವರೆಗೆ ಗುಟ್ಟಾಗಿರಲೆಂದು ಭದ್ರವಾಗಿ ಅಡಗಿಸಿಟ್ಟೆ. ಎಲ್ಲಿ ಎಂದು ನೀವು ಕೇಳಬೇಡಿ, ಅವಳೂ ಕೇಳಲಿಲ್ಲ.

ಹುಟ್ಟುಹಬ್ಬದ ಬೆಳಿಗ್ಗೆ ಒಲೆಯ ಮೇಲೆ ಕಾವಲಿ ಇಟ್ಟು, ದೋಸೆಯ ಹಿಟ್ಟು ಹೊಯ್ದು, ಮುಚ್ಚಿ, ಡಬ್ಬ ತೆಗೆದರೆ ತಟ್ಟೆಯ ಕೆಳಗೆ ಬರಿದು. ಅವಳ ಕೋಣೆಯಿಂದ ಕಿಂಯ್ ಕಿಂಯ್ ಎಂಬ ಸಂಗೀತ. ಹೋಗಿ ಬಾಗಿಲಲ್ಲಿ ನಿಂತೆ. ಹಾಸಿಗೆಯಲ್ಲಿ ಮಂಡಿ ಮಡಚಿ ಕೂತು, ನಾಲಿಗೆಯ ತುದಿ ಹೊರಗೆ ಹಾಕಿ, ಹತ್ತನೇ ಕ್ಲಾಸಿನ ಹುಡುಗಿಯ ಹಾಗೆಯೇ ಆಡುತ್ತಿದ್ದಳು. ನಾಲ್ಕನೇ ಲೆವೆಲ್ ಆಗಲೇ ದಾಟಿದ್ದಳಂತೆ. ಮನಸ್ಸು ತುಂಬಿ ಬಂತು. ಆದರೆ ಬಾಯಿಗೆ ತನ್ನದೇ ಅಭ್ಯಾಸವಿದೆಯಲ್ಲ, ಅದು ಅಧ್ಯಕ್ಷೆಯ ದನಿಯಲ್ಲಿ ಶುರುಮಾಡಿತು: "ಸಾಕು ಮಾರಾಯ್ತಿ, ಬೆಳ್‌ಬೆಳಿಗ್ಗೆ! ಕಣ್ಣು ಹಾಳಾಗ್ತದೆ. ಈ ಗೇಮಿನ ಹಿಂದೆ ಬಿದ್ದರೆ ಮನೆ ಕೆಲಸ ಯಾರು..."

ಶ್ರುತಿ ಪರದೆಯಿಂದ ಕಣ್ಣೆತ್ತಲಿಲ್ಲ. ಮೂಗು ಮಾತ್ರ ಒಮ್ಮೆ ಅರಳಿತು.

"ನೀರ್‌ದೋಸೆ ಭಾಯ್," ಎಂದಳು, "ಪೀಛೇ ದೇಖ್."

ತಿರುಗಿ ನೋಡಿದೆ. ಅಡುಗೆಮನೆಯ ತುಂಬ ಹೊಗೆ.